ಅರಗಿನಿಂದ ಅನಾಬಾಂಡ್‌ವರೆಗೆ

ನಮ್ಮ ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ "ಗ್ಯಾಸ್ಕೆಟ್" ಅಂತ ಯಾರೂ ಅನ್ನೋದಿಲ್ಲ. ಅದು "ಪ್ಯಾಕಿಂಗ್". ಡಿಫರೆನ್ಷಿಯಲ್ ಅಂತ ಪೂರ್ತಿ ಹೆಸರು ಹೇಳಿದರೆ ಎದುರಿಗಿದ್ದವನು ಒಮ್ಮೆ ಮುಖ ನೋಡುತ್ತಾನೆ. ಅದು "ಹೌಸಿಂಗ್" ಅಥವಾ "ಕ್ರೌನ್". ಇನ್ನು ಟ್ಯೂಬಿನಿಂದ ಹಿಂಡಿ ಹಚ್ಚುವ ಸಿಲಿಕೋನ್‌ಗೆ ಯಾವ ಕಂಪನಿಯದಾದರೂ ಒಂದೇ ಹೆಸರು, "ಅನಾಬಾಂಡ್". ಅದು ಚೆನ್ನೈನ ಒಂದು ಕಂಪನಿಯ ಹೆಸರು. ಶಾಲೆಯಲ್ಲಿ ಅಂಕಿತನಾಮ, ರೂಢನಾಮ ಅಂತ ಕಲಿತಿದ್ದೆವಲ್ಲ, ಅಂಕಿತನಾಮವೊಂದು ರೂಢನಾಮವಾಗುವುದನ್ನು ನೋಡಬೇಕಿದ್ದರೆ ಯಾವ ಗ್ಯಾರೇಜಿಗಾದರೂ ಹೋಗಿ "ಅನಾಬಾಂಡ್ ಕೊಡ್ರಿ" ಅನ್ನಿ :-)

ಕಾರು, ಜೀಪುಗಳ ಚರಿತ್ರೆ ಬರೆಯುವವರು ಎಂಜಿನ್ ಬಗ್ಗೆ ಬರೆಯುತ್ತಾರೆ, ಕಂಪನಿ ಮಾಲೀಕರ ಬಗ್ಗೆ ಬರೆಯುತ್ತಾರೆ. ಎರಡು ಕಬ್ಬಿಣದ ತುಂಡುಗಳು ಸೇರುವ ಸಂದಿನಲ್ಲಿ ಎಣ್ಣೆ ಸೋರದಂತೆ ತಡೆಯಲು ಜನ ಏನೇನು ಹಚ್ಚಿದರು ಅನ್ನುವುದರ ಬಗ್ಗೆ ಯಾರಿಗೂ ಆಸಕ್ತಿ ಇದ್ದಂತೆ ಕಾಣುವುದಿಲ್ಲ. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಮಾಡುವವನು. ನನ್ನಂಥವರು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ. ಆಫೀಸಿನಲ್ಲಿ ನಾವೂ ದಿನವಿಡೀ ಸೋರಿಕೆಗಳನ್ನೇ ಹುಡುಕುತ್ತೇವೆ, ಆದರೆ ಕೈಗೆ ಎಣ್ಣೆ ಹತ್ತುವುದಿಲ್ಲ, ಅಷ್ಟೇ. ಹಾಗಾಗಿ ಈ ಸಂದಿನ ಚರಿತ್ರೆಯನ್ನು ನಾನೇ ಬರೆದುಬಿಡೋಣ ಅನ್ನಿಸಿತು. ಜಾಗ ಆಳಂದ, ಅಫಜಲಪುರ, ಜೇವರ್ಗಿ. ಅದಕ್ಕೆ ಕಾರಣವಿದೆ.

ಮುಂಬೈ–ಮದ್ರಾಸ್ ರೈಲು ಮಾರ್ಗ ಕಲಬುರಗಿಯನ್ನು ಹಾದು 1871ರಲ್ಲೇ ರಾಯಚೂರು ಮುಟ್ಟಿತು. ಆದರೆ ಈ ಮೂರೂ ತಾಲೂಕು ಪಟ್ಟಣಗಳಿಗೆ ರೈಲು ಬರಲಿಲ್ಲ. ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಬರುವವರು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದರೂ, ಹೆಸರಿನಲ್ಲಿರುವ ಆ "ರೋಡ್" ಅನ್ನು ಇನ್ನೂ ಸುಮಾರು 20 ಕಿ.ಮೀ. ಸವೆಸಬೇಕು. ಮೂರೂ ಊರು ಕಲಬುರಗಿಯಿಂದ 40ರಿಂದ 60 ಕಿ.ಮೀ. ದೂರ. ಅಂದರೆ ಇಲ್ಲಿನ ತೊಗರಿ, ಜೋಳ, ಕಬ್ಬು, ಬಾಣಂತಿ, ಮದುವೆ ದಿಬ್ಬಣ, ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಉರುಸಿಗೆ ಹೋಗುವವರು, ಎಲ್ಲರೂ ಎಲ್ಲವೂ ರಸ್ತೆಯ ಮೇಲೆಯೇ ಹೋಗಬೇಕು. ಮೊದಲು ಬಂಡಿ, ಆಮೇಲೆ ಬಸ್ಸು, ಆಮೇಲೆ ಜೀಪು, ಈಗ ಕ್ರೂಸರ್. ರೈಲಿಲ್ಲದ ಊರಿನ ಬದುಕು ಹಿಂದಿನ ಅಚ್ಚಿನ ಮೇಲೆ ನಿಂತಿರುತ್ತದೆ.

ಬಂಡಿಯಿಂದ ಶುರು ಮಾಡೋಣ. ಎತ್ತಿನ ಬಂಡಿಗೆ ಡಿಫರೆನ್ಷಿಯಲ್ ಬೇಡ, ಯಾಕೆ ಗೊತ್ತಾ? ಅಚ್ಚು ತಿರುಗುವುದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ಬಂಡಿ ಎಡಕ್ಕೆ ಹೊರಳಿದಾಗ ಎಡಗಾಲಿ ಮೆಲ್ಲಗೆ, ಬಲಗಾಲಿ ಜೋರಾಗಿ, ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎಳೆಯುವವು ಎತ್ತುಗಳು; ಗಾಲಿಗೆ ಯಾರೂ ಬಲ ಕೊಡುವುದಿಲ್ಲ. ಸೋರಿಕೆ ಅನ್ನುವ ಸಮಸ್ಯೆಯೂ ಇಲ್ಲ, ಯಾಕೆಂದರೆ ಅಲ್ಲಿ ಎಣ್ಣೆ ಹಿಡಿದಿಡುವ ಪೆಟ್ಟಿಗೆಯೇ ಇಲ್ಲ. ಕೀಲೆಣ್ಣೆ ಹಚ್ಚುವುದು, ಒಣಗಿದರೆ ಮತ್ತೆ ಹಚ್ಚುವುದು. ಚಕ್ರ ಕಿರುಗುಟ್ಟಿದರೆ ನಾಳೆ ಎಣ್ಣೆ ಹಾಕೋಣ ಅಂತ ಮುಂದೆ ಹೋಗಬಹುದು. ಬಂಡಿ ಹೇಳಿಯೇ ಕೆಡುತ್ತದೆ. ಜೀಪಿನ ಕ್ರೌನ್ ಹಾಗಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಎಂಜಿನ್ನಿನ ಬಲವನ್ನು ಎರಡೂ ಗಾಲಿಗಳಿಗೆ ಒಂದೇ ಅಚ್ಚಿನಿಂದ ಕೊಡಲು ಹೊರಟಾಗ ತೊಂದರೆ ಶುರುವಾಯಿತು. ಹಂತಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕಣದ ನಡುವಿನ ಮೇಟಿಗೆ ಸಾಲಾಗಿ ಎತ್ತುಗಳನ್ನು ಕಟ್ಟಿ ತಿರುಗಿಸಿದಾಗ, ಮೇಟಿ ಪಕ್ಕದ ಎತ್ತು ಇದ್ದಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನದು ಓಡಬೇಕು. ಎರಡಕ್ಕೂ ಒಂದೇ ಹೆಜ್ಜೆ ಹಾಕಿ ಅಂದರೆ ಹಗ್ಗ ಹರಿಯುತ್ತದೆ, ಇಲ್ಲ ಕುತ್ತಿಗೆ ಮುರಿಯುತ್ತದೆ. ಗಾಲಿಗಳಿಗೂ ಅದೇ ಕಥೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1828ರಲ್ಲಿ ಉಗಿ ಗಾಡಿಗಾಗಿ ಪೇಟೆಂಟ್ ಪಡೆದ ಹಲ್ಲುಗಾಲಿಗಳ ಜೋಡಣೆ ಇದಕ್ಕೆ ಉತ್ತರ. ಬಲ ಎರಡೂ ಕಡೆ ಹೋಗುತ್ತದೆ, ವೇಗ ಮಾತ್ರ ಅವರವರ ಪಾಲಿಗೆ ಬೇಕಾದಷ್ಟು. ಇವತ್ತಿನ ಕ್ರೂಸರ್ ಒಳಗಿರುವುದೂ ಅದೇ ತತ್ವ.

1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಹೈಪಾಯ್ಡ್ ಅನ್ನುವ ಹೊಸ ಹಲ್ಲುಗಾಲಿಯನ್ನು ಕಾರಿಗೆ ಹಾಕಿತು. ಇದರಲ್ಲಿ ಚಿಕ್ಕ ಪಿನಿಯನ್ ಗಾಲಿ ದೊಡ್ಡ ಕ್ರೌನ್ ಗಾಲಿಯ ನಟ್ಟನಡುವೆ ಕೂಡದೆ ಸ್ವಲ್ಪ ಕೆಳಗೆ ಕೂಡುತ್ತದೆ. ಕಾರಿನ ನೆಲ ತಗ್ಗಿಸಲು ಮಾಡಿದ ಉಪಾಯ. ಹಲ್ಲುಗಳು ಗಟ್ಟಿಯಾದವು, ಸದ್ದು ಕಡಿಮೆಯಾಯಿತು. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಉದ್ದಕ್ಕೂ ಜಾರತೊಡಗಿತು. ಸಾದಾ ಎಣ್ಣೆ ಆ ಒತ್ತಡದಲ್ಲಿ ಹಿಂಡಿ ಹೊರಗೆ ಹೋಗುತ್ತದೆ. ಅದಕ್ಕೇ ಗಂಧಕ ಬೆರೆತ, ಮೂಗಿಗೆ ಹೊಡೆಯುವ ವಾಸನೆಯ "ನೈಂಟಿ ಆಯಿಲ್" ಬೇಕಾಯಿತು. ಹೀಗೆ ಹಿಂದಿನ ಅಚ್ಚಿನೊಳಗೆ ಒಂದು ಮುಚ್ಚಿದ ಎಣ್ಣೆ ಕೊಳ ಹುಟ್ಟಿತು. ಕೊಳ ಇದ್ದ ಮೇಲೆ ಒಡ್ಡು ಬೇಕಲ್ಲ?

ಹೈದರಾಬಾದ್ ಸಂಸ್ಥಾನದಲ್ಲಿ ಬಸ್ಸುಗಳು ರೈಲ್ವೆಯ ಹೊಟ್ಟೆಯಿಂದ ಹುಟ್ಟಿದವು. 1932ರಲ್ಲಿ ನಿಜಾಮ್ಸ್ ಸ್ಟೇಟ್ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗ ತೆರೆದಾಗ ಇದ್ದದ್ದು 27 ಬಸ್ಸು, 166 ನೌಕರರು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಆಡಳಿತದ ಭಾಷೆ ಬದಲಾಯಿತು, ಗ್ಯಾರೇಜಿನ ಭಾಷೆ ಬದಲಾಗಲಿಲ್ಲ. ಇವತ್ತಿಗೂ ನಮ್ಮಲ್ಲಿ ಹಿರಿಯ ಮೆಕ್ಯಾನಿಕ್ ಅಂದರೆ "ಉಸ್ತಾದ್", ಸ್ಪ್ಯಾನರ್ ಅಂದರೆ "ಪಾನಾ". ಆಳಂದದ ಒಂದು ಗ್ಯಾರೇಜಿನಲ್ಲಿ ಅರ್ಧ ತಾಸು ನಿಂತರೆ ಕನ್ನಡ, ದಖನಿ, ಮರಾಠಿ ಮೂರೂ ಒಂದೇ ವಾಕ್ಯದಲ್ಲಿ ಕೇಳುತ್ತವೆ, ನಡುನಡುವೆ ಡೆಟ್ರಾಯಿಟ್‌ನ ಇಂಗ್ಲಿಷ್.

ಆ ಕಾಲದಲ್ಲಿ ಸಂದಿಗೆ ಏನು ಹಚ್ಚುತ್ತಿದ್ದರು? ಕಾಗದ ಮತ್ತು ಅರಗು.

ಹೌದು, ಅದೇ ಅರಗು. ದುರ್ಯೋಧನ ಪಾಂಡವರನ್ನು ಸುಡಲು ಮನೆ ಕಟ್ಟಿಸಿದ್ದು ಯಾವುದರಿಂದಲೋ ಅದು. ಬಳೆಗಾರರು, ಅಕ್ಕಸಾಲಿಗರು, ಚನ್ನಪಟ್ಟಣದ ಬೊಂಬೆ ಮಾಡುವವರು ಬಳಸುವುದು. ಕುಸುಮ, ಮುತ್ತುಗ, ಬೋರೆ ಗಿಡಗಳ ಟೊಂಗೆಗೆ ಒಂದು ಸಣ್ಣ ಕೀಟ ಅಂಟಿಕೊಂಡು ತನ್ನ ಮೈಸುತ್ತ ಸ್ರವಿಸುವ ರಾಳ. ಅದನ್ನು ಸೋಸಿ ತೆಳ್ಳಗೆ ಎಳೆದರೆ ಶೆಲ್ಲಾಕ್. ಸ್ಪಿರಿಟ್ಟಿನಲ್ಲಿ ಕರಗಿಸಿ ಕುಂಚದಿಂದ ಬಳಿದರೆ ಸ್ಪಿರಿಟ್ ಹಾರಿ ಗಟ್ಟಿ ಪದರ ಉಳಿಯುತ್ತದೆ, ಎಣ್ಣೆಗೆ ಜಗ್ಗುವುದಿಲ್ಲ. ಜಗತ್ತಿಗೆ ಅರಗು ಕೊಡುತ್ತಿದ್ದ ದೇಶಗಳಲ್ಲಿ ಭಾರತವೇ ದೊಡ್ಡದು, ಅದರಲ್ಲೂ ಛೋಟಾನಾಗಪುರದ ಕಾಡುಗಳು. 1924ರಲ್ಲಿ ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು. ಗ್ರಾಮಫೋನ್ ತಟ್ಟೆಗಳಿಗೂ ಅರಗೇ ಬೇಕಾಗಿತ್ತು. ನಮ್ಮಜ್ಜನ ಕಾಲದ ಹಾಡು ಮತ್ತು ಅವರು ಹತ್ತಿದ ಬಸ್ಸಿನ ಎಣ್ಣೆ, ಎರಡನ್ನೂ ಹಿಡಿದಿಟ್ಟಿದ್ದು ಒಂದೇ ಹುಳದ ಎಂಜಲು!

ಅಮೆರಿಕದಲ್ಲಿ 1909ರಲ್ಲಿ ಶುರುವಾದ ಪರ್ಮಾಟೆಕ್ಸ್ ಕಂಪನಿಯ ಒಂದು ಹಳೆಯ ಸರಕಿನ ಹೆಸರು "ಇಂಡಿಯನ್ ಹೆಡ್ ಗ್ಯಾಸ್ಕೆಟ್ ಶೆಲ್ಲಾಕ್". ಡಬ್ಬಿಯ ಹೆಸರಿನ ಇಂಡಿಯನ್ ನಾವಲ್ಲ, ಅಲ್ಲಿಯ ಮೂಲನಿವಾಸಿ. ಹೆಸರಿನ ಇನ್ನರ್ಧದಲ್ಲಿ ಮಾತ್ರ ನಮ್ಮ ಕಾಡು ಇಣುಕುತ್ತದೆ.

ಇನ್ನು ಕಾಗದ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಆ ವಂಶದ ಜೀಪುಗಳೇ ಮುಂದೆ ಕಮಾಂಡರ್ ಮುಂತಾದ ಹೆಸರುಗಳಲ್ಲಿ ನಮ್ಮ ಹಳ್ಳಿ ರಸ್ತೆಗಳನ್ನು ಆಳಿದವು. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಗುಂಡು ಕಾಣುತ್ತದಲ್ಲ, ಅದೇ ಹೌಸಿಂಗ್. (ಅಮೆರಿಕದ ಮೆಕ್ಯಾನಿಕ್‌ಗಳೂ ಅದನ್ನು ಕುಂಬಳಕಾಯಿ ಅಂತಲೇ ಕರೆಯುತ್ತಾರೆ.) ಡಾನಾ 44 ಅನ್ನುವ ಹೆಸರಾಂತ ಅಚ್ಚಿನಲ್ಲಿ ಅದರ ಬೆನ್ನಿಗೆ ತಗಡಿನ ಒಂದು ಮುಚ್ಚಳ, ಸುತ್ತ 10 ಬೋಲ್ಟ್. ಮುಚ್ಚಳಕ್ಕೂ ಎರಕದ ಹೌಸಿಂಗ್‌ಗೂ ನಡುವೆ ಒಂದು ಕಾಗದದ ಉಂಗುರ, ಎರಡೂ ಕಡೆ ಶೆಲ್ಲಾಕ್.

ಆ ಉಂಗುರವನ್ನು ಅಂಗಡಿಯಿಂದ ತರುತ್ತಿರಲಿಲ್ಲ. ದಪ್ಪ ಹಾಳೆಯನ್ನು ಹೌಸಿಂಗ್ ಬಾಯಿಗೆ ಹಿಡಿದು, ಗುಂಡು ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕ್ ಟಕ್ ಅಂತ ಬಡಿದರೆ ಕಬ್ಬಿಣದ ಅಂಚೇ ಕತ್ತರಿಯಾಗಿ ಹಾಳೆ ಕತ್ತರಿಸುತ್ತದೆ. ತೂತುಗಳಿಗೆ ಬೇರಿಂಗಿನ ಗುಂಡು ಇಟ್ಟು ಒಂದೇಟು. ನನ್ನ ಕಾಕಾ ಆಳಂದ–ಕಲಬುರಗಿ ನಡುವೆ ಕಮಾಂಡರ್ ಜೀಪು ಓಡಿಸುತ್ತಿದ್ದರು. ನಾನು ಚಿಕ್ಕವನಿದ್ದಾಗ ಅವರ ಜೊತೆ ಉಸ್ತಾದನ ಗ್ಯಾರೇಜಿಗೆ ಹೋಗಿ ಇದನ್ನು ನೋಡುತ್ತ ಕೂಡುತ್ತಿದ್ದೆ. ಒಮ್ಮೆ ದಪ್ಪ ಹಾಳೆ ಮುಗಿದಿತ್ತು. ಉಸ್ತಾದ್ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಲಗ್ನಪತ್ರಿಕೆಗಳನ್ನೇ ತೆಗೆದು ತುಂಡುಗಳನ್ನು ಜೋಡಿಸಿ ಪ್ಯಾಕಿಂಗ್ ಮಾಡಿದ. ಯಾರದೋ ಶುಭವಿವಾಹದ ಮುಹೂರ್ತ, ನೈಂಟಿ ಆಯಿಲ್‌ನಲ್ಲಿ ನೆನೆಯುತ್ತ ಎರಡು ವರ್ಷ ಆಳಂದಕ್ಕೂ ಕಲಬುರಗಿಗೂ ಅಡ್ಡಾಡಿತು. ಸೋರಲಿಲ್ಲ. "ಕಾರ್ಡ್ ಭಾಳ ಭಾರಿದ ಇತ್ತು, ಬೀಗರು ಶ್ರೀಮಂತರ ಇರಬೇಕು" ಅಂತ ಕಾಕಾ ನಗುತ್ತಿದ್ದರು.

ಅರಗಿಗೊಂದು ದೌರ್ಬಲ್ಯ ಇದೆ. ಶಾಖಕ್ಕೆ ಮೆತ್ತಗಾಗುತ್ತದೆ, ತಣ್ಣಗಾದಾಗ ಸೆಡೆತು ಬಿರುಕು ಬಿಡುತ್ತದೆ. ಅರಗಿನ ಮನೆ ಉರಿದದ್ದು ಸುಮ್ಮನೆ ಅಲ್ಲ. ಸುಮಾರು 75–80 ಡಿಗ್ರಿಗೆ ಶೆಲ್ಲಾಕ್ ಕರಗತೊಡಗುತ್ತದೆ. ನಮ್ಮ ಬೇಸಿಗೆಯಲ್ಲಿ ತುಂಬಿದ ಜೀಪಿನ ಹೌಸಿಂಗ್ ಅದನ್ನು ದಾಟುವುದು ಕಷ್ಟವೇನಲ್ಲ. ತಗಡಿನ ಮುಚ್ಚಳ ಒಂದೆರಡು ಬಾರಿ ಬಿಚ್ಚಿ ಬಿಗಿದಾಗ ಬೋಲ್ಟ್ ತೂತಿನ ಸುತ್ತ ಡೊಂಕಾದರೆ ಕಾಗದ ಆ ತಗ್ಗು ತುಂಬಲಾರದು. ಅಲ್ಲಿಂದ ಮೊದಲು ಪಸೆ, ಆಮೇಲೆ ಹನಿ, ಆಮೇಲೆ ಹಿಂದಿನ ಬ್ರೇಕ್ ಡ್ರಮ್ಮಿನವರೆಗೂ ಕಪ್ಪು ಕೆಸರು. ಎರೆ ಮಣ್ಣಿನ ಧೂಳು ಎಣ್ಣೆ ಪಸೆಗೆ ಕೂತರೆ ಅದು ಸಿಮೆಂಟಿಗಿಂತ ಗಟ್ಟಿ.

ಈಗ ಸಿಲಿಕೋನ್. ಇದರ ಕಥೆ ನನಗೆ ಭಾಳ ಇಷ್ಟ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರದ ಪ್ರೊಫೆಸರ್ ಸುಮಾರು ನಾಲ್ಕು ದಶಕ ಸಿಲಿಕಾನ್ ಧಾತುವಿಗೆ ಇಂಗಾಲದ ಗುಂಪುಗಳನ್ನು ಜೋಡಿಸುತ್ತ ಕುಳಿತರು. "ಸಿಲಿಕೋನ್" ಅನ್ನುವ ಹೆಸರು ಇಟ್ಟವರೂ ಅವರೇ. ಕೀಟೋನ್‌ನಂಥ ವಸ್ತು ಅಂದುಕೊಂಡು ಇಟ್ಟ ಹೆಸರು, ಅದು ಹಾಗಿರಲಿಲ್ಲ, ಹೆಸರು ಮಾತ್ರ ಉಳಿಯಿತು. ಅವರಿಗೆ ಬೇಕಾದದ್ದು ಶುದ್ಧ ಹರಳುಗಳು. ಪಾತ್ರೆಯ ತಳದಲ್ಲಿ ಮತ್ತೆ ಮತ್ತೆ ಉಳಿಯುತ್ತಿದ್ದ ಅಂಟಂಟು ಜಿಡ್ಡು ಅವರಿಗೆ ಕಿರಿಕಿರಿ. 1937ರ ಉಪನ್ಯಾಸವೊಂದರಲ್ಲಿ ಈ ವಿಭಾಗದಿಂದ ಸದ್ಯದಲ್ಲೇ ದೊಡ್ಡದೇನೂ ಬರುವ ಆಸೆ ಇಲ್ಲ ಅನ್ನುವ ಅರ್ಥದ ಮಾತು ಆಡಿದರು. ಮೂರೇ ವರ್ಷ! 1940ರ ಮೇ ತಿಂಗಳಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಯೂಜೀನ್ ರೋಕೋ, ಸಿಲಿಕಾನ್ ಪುಡಿಯ ಮೇಲೆ ತಾಮ್ರದ ಸಮ್ಮುಖದಲ್ಲಿ ಮಿಥೈಲ್ ಕ್ಲೋರೈಡ್ ಅನಿಲ ಹಾಯಿಸಿ ಸಿಲಿಕೋನ್‌ನ ಮೂಲವಸ್ತುವನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡರು. ಜರ್ಮನಿಯಲ್ಲಿ ರಿಚರ್ಡ್ ಮ್ಯೂಲರ್ ಅದೇ ಹೊತ್ತಿಗೆ ತಾವೇ ಸ್ವತಂತ್ರವಾಗಿ ಅದೇ ದಾರಿ ಹಿಡಿದರು.

ಯುದ್ಧದ ಕಾಲ ಅದು. ವಿಮಾನ ಎತ್ತರಕ್ಕೆ ಹೋದಾಗ ತೇವ ಸೇರಿ ಎಂಜಿನ್ನಿನ ಕಿಡಿ ದಾರಿತಪ್ಪುತ್ತಿತ್ತು. ಆ ಸಂದುಗಳಿಗೆ ತುಂಬಲು ಒಂದು ಸಿಲಿಕೋನ್ ಗ್ರೀಸ್ ಬಂತು. ಅದನ್ನು ತಯಾರಿಸಲೆಂದೇ ಅನ್ನುವಂತೆ 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಕಿಪ್ಪಿಂಗ್ 1949ರಲ್ಲಿ ತೀರಿಕೊಂಡರು. ತಾವು ಚೆಲ್ಲುತ್ತಿದ್ದ ಜಿಡ್ಡು ಕಾರ್ಖಾನೆಗಳಲ್ಲಿ ತಯಾರಾಗುವುದನ್ನು ನೋಡಿಯೇ ಹೋದರು. 1950ರ ದಶಕದಲ್ಲಿ ಕಾಯಿಸದೆ, ಕೋಣೆಯ ಶಾಖದಲ್ಲೇ ರಬ್ಬರಾಗುವ ಸಿಲಿಕೋನ್ ಬಂತು. ಟ್ಯೂಬಿನ ಮೇಲೆ ಆರ್.ಟಿ.ವಿ. ಅಂತ ಇರುತ್ತದಲ್ಲ, ಅದರರ್ಥ ಇಷ್ಟೇ. 200 ಡಿಗ್ರಿವರೆಗೂ ಹೆದರುವುದಿಲ್ಲ, ಗಟ್ಟಿಯಾದರೂ ರಬ್ಬರಿನ ಹಾಗೆ ಮಣಿಯುತ್ತದೆ, ಮುಚ್ಚಳದ ಡೊಂಕನ್ನು ತಾನೇ ತುಂಬಿಕೊಳ್ಳುತ್ತದೆ. ಒಂದು ದಾರಿಯಲ್ಲಿ ಮಾತ್ರ ಸೋಲುತ್ತದೆ: ಪೆಟ್ರೋಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಕಾರ್ಬ್ಯುರೇಟರ್‌ಗೆ ಹಚ್ಚಬೇಡಿ.

ಮರಳಿನ ಮುಖ್ಯ ಧಾತುವೇ ಸಿಲಿಕಾನ್. ಭೀಮಾ ನದಿಯ ಮರಳು ತುಂಬಿಕೊಂಡು ಜೇವರ್ಗಿ, ಅಫಜಲಪುರದ ರಸ್ತೆಗಳಲ್ಲಿ ಓಡುವ ಟಿಪ್ಪರುಗಳ ಹೌಸಿಂಗ್ ಸಂದಿನಲ್ಲಿ ಕೂತಿರುವುದೂ ಒಂದು ರೀತಿಯಲ್ಲಿ ಮರಳಿನ ಮೊಮ್ಮಗನೇ. ಕಾಡಿನ ಹುಳದಿಂದ ಮರಳಿಗೆ ಬಂದೆವು, ನಡುವೆ ಒಂದು ಮಹಾಯುದ್ಧ.

ಸರಿ, ಒಳ್ಳೆಯ ವಸ್ತು ಬಂತು, ಸೋರಿಕೆ ನಿಂತಿತು ಅಂತ ಕಥೆ ಮುಗಿಸಬಹುದಿತ್ತು. ನಮ್ಮ ಕಡೆ ಹಾಗಾಗಲಿಲ್ಲ. ಸಿಲಿಕೋನ್ ಹಚ್ಚಿದ ಹೌಸಿಂಗ್‌ಗಳೂ ಸೋರಿದವು. "ಅನಾಬಾಂಡ್ ಖರೇ ಇಲ್ಲ, ನಕಲಿ" ಅಂತ ಬೈದವರು ಬಹಳ. ನಕಲಿ ಟ್ಯೂಬುಗಳು ಇರಬಹುದು. ಆದರೆ ನನಗೆ ಕಾಣುವ ಕಾರಣ ಬೇರೆ.

ಟ್ಯೂಬಿನಿಂದ ಬಂದ ಸಿಲಿಕೋನ್ ಒಣಗುವುದಿಲ್ಲ. ಬಣ್ಣ ಒಣಗುತ್ತದೆ, ಶೆಲ್ಲಾಕ್ ಒಣಗುತ್ತದೆ, ಅಂದರೆ ಅದರಿಂದ ಏನೋ ಹಾರಿಹೋಗುವುದೇ ಅಲ್ಲಿ ಮುಖ್ಯ ಕೆಲಸ. ಸಿಲಿಕೋನ್ ಇದಕ್ಕೆ ಉಲ್ಟಾ: ಅದು ಗಾಳಿಯಿಂದ ನೀರಾವಿ ಕುಡಿದು ರಬ್ಬರಾಗುತ್ತದೆ. ಅಗ್ಗದ ಟ್ಯೂಬಿನಿಂದ ವಿನೆಗರ್‌ನಂಥ ಹುಳಿ ವಾಸನೆ ಬರುತ್ತದಲ್ಲ, ಅದು ಆ ನೀರಿಗೆ ಬದಲಾಗಿ ಹೊರಬೀಳುವ ಅಸಿಟಿಕ್ ಆಮ್ಲ. ಗೇರ್ ಎಣ್ಣೆಗೆ, ಸೆನ್ಸರ್ ಇರುವ ಎಂಜಿನ್‌ಗೆ ಈ ಹುಳಿ ವಾಸನೆಯದಲ್ಲ, ಆಕ್ಸೈಮ್ ಅನ್ನುವ ಬಗೆಯದು ಬೇಕು. ನೀರಾವಿ ಹೊರಗಿನಿಂದ ಒಳಗೆ ನುಸುಳಬೇಕಾದ್ದರಿಂದ ಮೇಲ್ಮೈ ಹತ್ತಿಪ್ಪತ್ತು ನಿಮಿಷದಲ್ಲಿ ಚರ್ಮ ಕಟ್ಟಿದರೂ ಒಳಗೆ ದಿನಕ್ಕೆ 2–3 ಮಿ.ಮೀ. ಮಾತ್ರ ಗಟ್ಟಿಯಾಗುತ್ತದೆ. 24 ಗಂಟೆ ಬಿಡಿ ಅಂತ ಟ್ಯೂಬಿನ ಮೇಲೆ ಬರೆದಿರುವುದು ಅದಕ್ಕೆ.

ನಮ್ಮ ಗ್ಯಾರೇಜುಗಳಲ್ಲಿ ಒಂದು ಮಾತಿದೆ: ಬ್ಯಾಸಗ್ಯಾಗ ಗಾಳಿ ಒಣಾ ಇರ್ತದ, ಅನಾಬಾಂಡ್ ಜಲ್ದಿ ಹಿಡಿಯಂಗಿಲ್ಲ. ಕೇಳಲು ಸರಿ ಅನಿಸುತ್ತದೆ. ನಾನು ಲೆಕ್ಕ ಹಾಕಿ ನೋಡಿದೆ. 23 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 20 ಗ್ರಾಂ ನೀರಾವಿ ಹಿಡಿಯುತ್ತದೆ. ತೇವಾಂಶ 50% ಅಂದರೆ 10 ಗ್ರಾಂ. ಕಂಪನಿಗಳು ಪರೀಕ್ಷೆ ಮಾಡುವುದು ಹೆಚ್ಚುಕಡಿಮೆ ಇಂಥ ಗಾಳಿಯಲ್ಲೇ. ಕಲಬುರಗಿಯ ಬಿಸಿಲಲ್ಲಿ 42 ಡಿಗ್ರಿಗೆ ಗಾಳಿ ಹಿಡಿಯಬಲ್ಲದ್ದು ಸುಮಾರು 56 ಗ್ರಾಂ. ತೇವಾಂಶ ಬರೀ 20% ಇದ್ದರೂ 11 ಗ್ರಾಂ ಆಯಿತು! ನಮ್ಮ ತುಟಿ ಒಡೆಯುತ್ತದೆ, ಸಿಲಿಕೋನ್‌ಗೆ ಮಾತ್ರ ನೀರಿನ ಬರ ಇಲ್ಲ. ಮೇಲೆ ಶಾಖ ಬೇರೆ. ಬೇಸಿಗೆಯ ನಿಜವಾದ ತೊಂದರೆ ತದ್ವಿರುದ್ಧದ್ದು: ಚರ್ಮ ಬೇಗ ಕಟ್ಟುತ್ತದೆ. ಮುಚ್ಚಳಕ್ಕೆ ಹಚ್ಚಿ ಚಹಾ ಕುಡಿದು ಬರುವಷ್ಟರಲ್ಲಿ ಮೇಲ್ಮೈ ಸತ್ತಿರುತ್ತದೆ, ಆಮೇಲೆ ಒತ್ತಿದರೆ ಕಬ್ಬಿಣಕ್ಕೆ ಅಂಟುವುದಿಲ್ಲ. ನಿಧಾನವಾಗುವುದು ಡಿಸೆಂಬರಿನ ರಾತ್ರಿಗಳಲ್ಲಿ: 15 ಡಿಗ್ರಿಯಲ್ಲಿ ಗಾಳಿ ಹಿಡಿಯುವುದೇ 13 ಗ್ರಾಂ, ಅದರಲ್ಲಿ ಅರ್ಧವೆಂದರೂ ಆರೂವರೆ. ತೊಗರಿ ರಾಶಿಯ ಸುಗ್ಗಿ, ಗಾಡಿಗಳಿಗೆ ಪುರುಸೊತ್ತಿಲ್ಲದ ಕಾಲ, ಅದೇ.

ಇಲ್ಲಿಗೆ ನಾನು ಹೇಳಬೇಕಾದ ಮಾತಿಗೆ ಬಂದೆ. ಕಾಗದ ಮತ್ತು ಶೆಲ್ಲಾಕ್ ಉಸ್ತಾದನ ಕೈಚಳಕ ಕೇಳುತ್ತಿತ್ತು, ಸಮಯ ಕೇಳುತ್ತಿರಲಿಲ್ಲ. ಬಿಗಿದು, ಎಣ್ಣೆ ಹಾಕಿ, ಒಂದು ತಾಸಿನಲ್ಲಿ ಗಾಡಿ ರೋಡಿಗೆ. ಸಿಲಿಕೋನ್ ಕೈಚಳಕ ಅಷ್ಟಾಗಿ ಕೇಳುವುದಿಲ್ಲ, ಒಂದು ಇಡೀ ದಿನ ಕೇಳುತ್ತದೆ. ಸ್ವಂತ ಕಾರು ಇಟ್ಟುಕೊಂಡವನಿಗೆ ಒಂದು ದಿನ ಏನೂ ಅಲ್ಲ. ಸಾಲದ ಕಂತು ಕಟ್ಟುವ ಜೀಪಿನವನಿಗೆ ಒಂದು ದಿನ ಅಂದರೆ ಆ ದಿನದ ಎಲ್ಲ ಟ್ರಿಪ್ಪು, ಪಾಳಿಯ ಸಾಲಿನಲ್ಲಿ ತನ್ನ ಜಾಗ, ದಿನಾ ಬರುವ ಮಾಸ್ತರರು ಮತ್ತೊಂದು ಜೀಪಿಗೆ ಒಗ್ಗುವ ಭಯ. ಟ್ಯೂಬಿನ ಬೆಲೆ ದೊಡ್ಡದಲ್ಲ, ಟ್ಯೂಬು ಕೇಳುವ ದಿನದ ಬೆಲೆ ದೊಡ್ಡದು. ಅದನ್ನು ಕೊಡಲಾರದವರು ಸಂಜೆ ಹಚ್ಚಿಸಿ ರಾತ್ರಿಯೇ ಒಯ್ದರು. ಬಿಸಿ ಎಣ್ಣೆ ಇನ್ನೂ ಹಸಿ ಇದ್ದ ಸಿಲಿಕೋನ್‌ನಲ್ಲಿ ಕೂದಲೆಳೆಯಷ್ಟು ದಾರಿ ಮಾಡಿಕೊಂಡಿತು. ಆ ದಾರಿ ಆಮೇಲೆ ಹಾಗೇ ಗಟ್ಟಿಯಾಯಿತು.

ಕಾಕಾನ ಜೀಪಿಗೆ ಆದದ್ದೂ ಇದೇ. ಉಸ್ತಾದ್ ಊರಲ್ಲಿರಲಿಲ್ಲ. ಬೇರೊಂದು ಗ್ಯಾರೇಜಿನಲ್ಲಿ "ಏನ್ ಆಗಂಗಿಲ್ರಿ, ಈಗೇ ಒಯ್ರಿ" ಅಂದರು. ಹಚ್ಚಿ ಎರಡು ತಾಸಿಗೆ ಎಣ್ಣೆ ತುಂಬಿ ಕಳಿಸಿದರು. ಇಂಥ ಅಚ್ಚಿನಲ್ಲಿ ಇರುವ ಎಣ್ಣೆ ಎಷ್ಟು? ಒಂದೂಕಾಲು ಲೀಟರ್ ಆಸುಪಾಸು. ಪಿನಿಯನ್ನಿನ ಮುಂದಿನ ಬೇರಿಂಗ್‌ಗೆ ಎಣ್ಣೆ ಮುಟ್ಟುವುದು ಕ್ರೌನ್ ಗಾಲಿ ತಿರುಗುತ್ತ ಎರಚಿದರೆ ಮಾತ್ರ. ಮಟ್ಟ ಇಳಿದರೆ ಮೊದಲು ಬಾಯಾರುವುದು ಅದೇ. ಬಂಡಿಯ ಹಾಗೆ ಅದು ಕಿರುಗುಟ್ಟಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಸಣ್ಣಗೆ ಊಳಿಡುತ್ತದೆ. ಆ ಊಳು 14 ಜನ ತುಂಬಿದ ಡೀಸೆಲ್ ಜೀಪಿನಲ್ಲಿ ಯಾರಿಗೆ ಕೇಳುತ್ತದೆ?

ಮೂರು ವಾರದ ಮೇಲೆ ಹುಣ್ಣಿಮೆ, ಗಾಣಗಾಪುರದ ಬಾಡಿಗೆ. ದರ್ಶನ ಮುಗಿಸಿ ಬರುವಾಗ ಪಿನಿಯನ್ ಬೇರಿಂಗ್ ಹಿಡಿದುಕೊಂಡು ಹಿಂದಿನ ಎರಡೂ ಗಾಲಿ ಒಮ್ಮೆಲೇ ನಿಂತವು. ಜೀಪು ಅಡ್ಡಡ್ಡ ಜಾರಿ ರಸ್ತೆ ಪಕ್ಕದ ಜಾಲಿಗೆ ನುಗ್ಗಿತು. ಹೊರಳಲಿಲ್ಲ, ದೊಡ್ಡ ಪುಣ್ಯ. ಒಬ್ಬ ಅಜ್ಜಿಯ ಕೈ ಮುರಿಯಿತು. ಕಾಕಾ ಅವರ ಆಸ್ಪತ್ರೆ ಖರ್ಚು ಕೊಟ್ಟರು, ಕ್ರೌನ್-ಪಿನಿಯನ್ ಸೆಟ್ ಹಾಕಿಸಿದರು, ಮರುವರ್ಷ ಜೀಪು ಮಾರಿದರು. ಒಂದು ದಿನ ಉಳಿಸಲು ಹೋಗಿ.

ಉಸ್ತಾದ್ ಆ ಹೌಸಿಂಗ್ ಬಿಚ್ಚಿದಾಗ ಇನ್ನೊಂದು ವಿಷಯ ತೋರಿಸಿದ. ಅಚ್ಚಿನ ಕೊಳವೆಯ ಮೇಲೆ ಹೆಬ್ಬೆರಳಿಗಿಂತ ಚಿಕ್ಕದೊಂದು ಉಸಿರುಗೊಳವೆ ಇರುತ್ತದೆ, ಬ್ರೀದರ್. ಅದು ಎರೆ ಧೂಳು ಮತ್ತು ಗ್ರೀಸ್ ಸೇರಿ ಕಲ್ಲಾಗಿತ್ತು. "ಬರೇ ಪ್ಯಾಕಿಂಗಿಂದ ತಪ್ಪಲ್ಲ ತಮ್ಮಾ, ಹೌಸಿಂಗ್‌ಗೆ ಉಸರ ಕಟ್ಟಿತ್ತು. ಉಸರ ಕಟ್ಟಿದ್ರ ಮನಶ್ಯಾನೂ ಎಲ್ಲಿಂದರೆ ಒಡೀತಾನ" ಅಂದ. ಆಗ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಪಿಡಿಎ ಕಾಲೇಜಿನಲ್ಲಿ ಅನಿಲಗಳ ನಿಯಮ ಓದುವಾಗ ಹೊಳೆಯಿತು. ಹೌಸಿಂಗ್ 30 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ, ಉಸಿರುದಾರಿ ಮುಚ್ಚಿದ್ದರೆ, ಒಳಗಿನ ಗಾಳಿಯ ಒತ್ತಡ ಐದನೇ ಒಂದು ಭಾಗ ಏರುತ್ತದೆ. ಒಂದು ಗೇಣಗಲದ ಮುಚ್ಚಳದ ಮೇಲೆ ಅದು 80–90 ಕೆ.ಜಿ. ನೂಕು. ಎಂಥ ಸಿಲಿಕೋನ್ ಹಚ್ಚಿದರೂ ಎಣ್ಣೆ ಎಲ್ಲಿ ಸಡಿಲ ಇದೆಯೋ ಅಲ್ಲಿಂದ, ಆಯಿಲ್ ಸೀಲಿನಿಂದಲೋ ಮುಚ್ಚಳದಿಂದಲೋ, ಹೊರಗೆ ಬರುತ್ತದೆ. ಅದೇ ಕಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದರೆ ತಣ್ಣಗಾಗಿ ಒಳಗೆ ಎಳೆದುಕೊಳ್ಳುತ್ತದೆ, ನೀರನ್ನು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಊರುಗಳಿಗೆ ನುಗ್ಗಿದಳಲ್ಲ, ಹಾಗೆ ನೀರಿಗೆ ಸಿಕ್ಕ ಗಾಡಿಗಳ ಹೌಸಿಂಗ್ ಬಿಚ್ಚಿದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಎಣ್ಣೆ ಹಲ್ಲನ್ನು ಕಾಯುವುದಿಲ್ಲ. ನೀರಿಗಿಳಿದ ಗಾಡಿ ಮನೆಯಲ್ಲಿದ್ದರೆ ಎಂಜಿನ್ ಎಣ್ಣೆ ಮಾತ್ರವಲ್ಲ, ಹೌಸಿಂಗ್ ಎಣ್ಣೆಯನ್ನೂ ನೋಡಿಸಿ.

ನೀವು ನಿಮ್ಮ ಗಾಡಿಗೆ ಸಿಲಿಕೋನ್ ಹಚ್ಚಿಸುವುದಾದರೆ ಉಸ್ತಾದನ ವಿಧಾನ ಹೇಳಿಬಿಡುತ್ತೇನೆ. ಹಳೆಯದನ್ನು ಪೂರ್ತಿ ಕೆರೆಯಬೇಕು, ಕೆರೆದದ್ದು ಒಳಗೆ ಬೀಳಬಾರದು. ಎರಡೂ ಮುಖ ಥಿನ್ನರ್‌ನಲ್ಲಿ ಒರೆಸಿ, ಬೆರಳು ತಾಗಿಸದೆ ಬಿಡಬೇಕು. ಎಣ್ಣೆ ಪಸೆ ಇದ್ದರೆ ಯಾವ ಟ್ಯೂಬೂ ಹಿಡಿಯದು. ಮುಚ್ಚಳದ ಮೇಲೆ ಶಾವಿಗೆಗಿಂತ ದಪ್ಪ, 3 ಮಿ.ಮೀ.ನಷ್ಟು ಒಂದೇ ಎಳೆ, ಎಲ್ಲೂ ಕಡಿಯದೆ, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿ ಬರಬೇಕು. ಚರ್ಮ ಕಟ್ಟುವ ಮೊದಲೇ ಮುಚ್ಚಳ ಕೂಡಿಸಿ ಕೈಯಿಂದ ಬಿಗಿಯಾಗುವಷ್ಟೇ ಬೋಲ್ಟ್ ಹಾಕಿ, ತಾಸು ಬಿಟ್ಟು ಎದುರುಬದುರಾಗಿ ಬಿಗಿಯಬೇಕು. ಮೊದಲೇ ಪೂರ್ತಿ ಬಿಗಿದರೆ ಎಲ್ಲ ಹಿಂಡಿ ಹೊರಗೆ ಬರುತ್ತದೆ. ಜಾಸ್ತಿ ಹಚ್ಚಿದರೆ ಗಟ್ಟಿ ಅನ್ನುವುದು ತಪ್ಪು. ಒಳಗೆ ಉಬ್ಬಿದ್ದು ಹರಿದು ಎಣ್ಣೆಯಲ್ಲಿ ತೇಲುತ್ತದೆ. ಬ್ರೀದರ್ ತೆಗೆದು ಊದಿ ನೋಡಬೇಕು. ಎಣ್ಣೆ ಮರುದಿನ.

ಮರುದಿನ ಅನ್ನುವುದು ಸಾಧ್ಯವಿಲ್ಲದವರಿಗೆ ಉಸ್ತಾದ್ ಇವತ್ತಿಗೂ ಕಾಗದವನ್ನೇ ಕತ್ತರಿಸುತ್ತಾನೆ. ಮೊನ್ನೆ ದೀಪಾವಳಿಗೆ ಹೋದಾಗ ನೋಡಿದೆ. ಕೌಂಟರಿನ ಮೇಲೆ ಅನಾಬಾಂಡ್ ಟ್ಯೂಬುಗಳ ಪೆಟ್ಟಿಗೆ, ಕೆಳಗೆ ದಪ್ಪ ಹಾಳೆಯ ಸುರುಳಿ, ಎರಡೂ ಇದ್ದವು. ಬಂದವನನ್ನು ಮೊದಲು ಕೇಳುವ ಪ್ರಶ್ನೆಯೂ ಗಾಡಿಯ ಬಗ್ಗೆ ಅಲ್ಲ: "ನಾಳಿ ಪಾಳಿ ಅದನ ಇಲ್ಲೇನ್ ನಿಂದು?" ಪಾಳಿ ಇದೆ ಅಂದವನಿಗೆ ಸುತ್ತಿಗೆ ತೆಗೆಯುತ್ತಾನೆ, ಇಲ್ಲ ಅಂದವನಿಗೆ ಟ್ಯೂಬು.